ಸಾವ್ಕಾರನ ಎಡಗಡೆಯ ಎತ್ತು

ಯಾದಗಿರಿಯ ಬಸ್ ನಿಲ್ದಾಣದ ಎದುರು ಇವತ್ತು ಬೆಳಿಗ್ಗೆ ಒಂದು ಬಸ್ಸು ಗಕ್ಕನೆ ಬ್ರೇಕು ಹಾಕಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ರಸ್ತೆ ದಾಟುತ್ತಿದ್ದ ಎಮ್ಮೆಯೊಂದು ಡ್ರೈವರನ ಬೈಗುಳಕ್ಕೆ ಕಿವಿಯನ್ನೂ ಅಲ್ಲಾಡಿಸದೆ ತನ್ನ ಪಾಡಿಗೆ ತಾನು ದಾಟಿಹೋಯಿತು. ಆದರೆ ರಬ್ಬರು ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ಇದ್ದಲ್ಲೇ ನಿಂತುಬಿಟ್ಟವು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಣ್ಣಿನ ತಳ್ಳುಗಾಡಿಯವನು ಬಂದು ಸ್ವಲ್ಪ ಸರಿಯಿರಿ ಎಂದಾಗ ನೋಡಿಕೊಂಡರೆ, ನನ್ನ ಬಲಗೈ ಯಾರನ್ನೋ ತಡೆಯುವಂತೆ ಮುಂದಕ್ಕೆ ಚಾಚಿಕೊಂಡಿತ್ತು. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನಲವತ್ತೇಳು ವರ್ಷದ ಹೆಂಗಸು ನಡುಬೀದಿಯಲ್ಲಿ ಹೀಗೆ ಕೈ ಚಾಚಿ ನಿಂತರೆ ಜನ ಏನೆಂದುಕೊಂಡಾರು? ಈ ಪ್ರಶ್ನೆ ನನ್ನ ತಲೆಗೆ ಬಂತು ನೋಡಿ, ಅದೇ ನನ್ನ ಹಳೆಯ ಜಡ್ಡು. ಜನ ಏನೆಂದುಕೊಂಡಾರು ಎಂಬ ಅಳುಕಿಗೆ ನಾನು ಒಮ್ಮೆ ರಸ್ತೆ ದಾಟಿದ್ದೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ಆಗ ನಾನು ಶಹಾಪುರದಲ್ಲಿದ್ದೆ. ಹುಟ್ಟಿದ್ದು ಸುರಪುರದಲ್ಲಿ, ನೌಕರಿ ಶಹಾಪುರದಲ್ಲಿ. ನಡುವೆ ಅಂಥ ದೂರವೇನಿಲ್ಲ, ದಿನಾ ಓಡಾಡಬಹುದಿತ್ತು. ಆದರೆ ಅವ್ವ ತೀರಿಕೊಂಡ ಮೇಲೆ ಸುರಪುರದ ಮನೆಯ ಬಾಗಿಲು ತೆಗೆದಾಗೆಲ್ಲ ಒಳಗಿನಿಂದ ಯಾರೂ ‘ಯಾರು?’ ಎನ್ನುತ್ತಿರಲಿಲ್ಲ. ನನ್ನ ಮನೆಗೆ ನಾನೇ ಅತಿಥಿಯಾದಂತೆ ಅನ್ನಿಸತೊಡಗಿ, ಶಹಾಪುರದಲ್ಲಿ ಬಾಡಿಗೆಗೆ ಎರಡು ಕೋಣೆ ಹಿಡಿದೆ. ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದು ಎಷ್ಟು ಕಷ್ಟವೆಂಬುದು ಮಾಡಿಕೊಂಡವರಿಗೇ ಗೊತ್ತು. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಅನ್ನ ಇಬ್ಬರಿಗಾಗುವಷ್ಟು ಆಗುತ್ತದೆ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟರೆ ಸೋಮವಾರ ಬೆಳಿಗ್ಗೆಯವರೆಗೆ ನಾನು ಯಾರೊಂದಿಗೂ ಮಾತಾಡದ ವಾರಗಳಿದ್ದವು. ಸೋಮವಾರ ಹಾಜರಿ ಕೂಗಲು ಬಾಯಿ ತೆರೆದರೆ ಮೊದಲ ಎರಡು ಹೆಸರಿಗೆ ಧ್ವನಿಯೇ ಬರುತ್ತಿರಲಿಲ್ಲ. ಹಾಜರಿ ಪುಸ್ತಕದ ಮೊದಲ ಹುಡುಗಿ ಪಾಪ, ನಾನು ಕೆಮ್ಮಿದರೆ ಸಾಕು, ‘ಹಾಜರ್ ಮೇಡಂ’ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು.

ಮನೆಯ ಒಡತಿ ನೀಲಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಸುತ್ತಲಿನ ಓಣಿಗಳಲ್ಲಿ ಅರ್ಧ ಜನ ಅವರ ಕೈಯಿಂದ ಸೂಜಿ ಚುಚ್ಚಿಸಿಕೊಂಡವರೇ, ಹಾಗಾಗಿ ದೊಡ್ಡ ದೊಡ್ಡ ಗಂಡಸರೂ ಅವರೆದುರು ಕೊಂಚ ವಾರೆಯಾಗಿ ನಿಲ್ಲುತ್ತಿದ್ದರು. ಮುಂದಿನ ಮನೆ ಅವರದು, ಹಿಂದಿನ ಎರಡು ಕೋಣೆ ನನ್ನವು, ನಡುವೆ ಪರಸಿ ಕಲ್ಲು ಹಾಸಿದ ಅಂಗಳ. ಮೊದಲ ತಿಂಗಳು ನಾನು ಅವರಿಗೆ ‘ಮೇಡಂ’ ಆಗಿದ್ದೆ, ಎರಡನೆಯ ತಿಂಗಳು ಜ್ವರ ಬಂದು ಮಲಗಿದಾಗ ‘ತಂಗಿ’ ಆದೆ.

ಆ ಅಂಗಳದ ನಿಜವಾದ ಯಜಮಾನ ಬೇರೆಯೇ ಇದ್ದ. ವರ್ಗವಾಗಿ ಹೋದ ಬ್ಯಾಂಕಿನ ಅಧಿಕಾರಿಯೊಬ್ಬರು ‘ಎಂಟು ದಿನ ನೋಡಿಕೊಳ್ಳಿ’ ಎಂದು ಬಿಟ್ಟುಹೋಗಿದ್ದ ಬಿಳಿಯ ಪುಟ್ಟ ನಾಯಿ ಅದು. ಆ ಎಂಟು ದಿನಗಳು ಇವತ್ತಿಗೂ ಮುಗಿದಿಲ್ಲ. ಮೊಲಕ್ಕಿಂತ ಒಂದು ಗೇಣು ದೊಡ್ಡದು, ಅಷ್ಟೆ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕುಳಿತು ಬರುವವರನ್ನೂ ಹೋಗುವವರನ್ನೂ ಗದರಿಸುತ್ತಿದ್ದ ಕಾರಣಕ್ಕೆ ನೀಲಮ್ಮ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಿದ್ದರು. ಅವರು ‘ಸಾವ್ಕಾರಾ, ಸಾಕು ಬಾ ಒಳಗ’ ಎಂದು ಗದರಿದಾಗ, ಎದುರುಮನೆಯ ಹತ್ತಿ ವ್ಯಾಪಾರಿ ಎರಡು ಸಲ ಎದ್ದು ಒಳಗೆ ಹೋದದ್ದುಂಟು.

ನೀಲಮ್ಮನವರಿಗೆ ಶುಗರ್ ಇತ್ತು. ದಿನಾ ಸಂಜೆ ಒಂದು ತಾಸು ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಾಯಿಯನ್ನು ಬಿಟ್ಟುಹೋದರೆ ಅದು ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು, ಕರೆದುಕೊಂಡು ಹೋದರೆ ಎಳೆಯುತ್ತಿತ್ತು. ಅಧಿಕಾರಿ ಬಿಟ್ಟುಹೋದ ಸರಪಳಿಯನ್ನು ಕುತ್ತಿಗೆಯ ಪಟ್ಟಿಗೆ ಸಿಕ್ಕಿಸಿದ್ದೇ ತಡ, ಅಷ್ಟು ಸಣ್ಣ ಪ್ರಾಣಿಗೆ ಎಲ್ಲಿಂದ ಬರುತ್ತಿತ್ತೋ ಆ ಬಲ, ಉಸಿರು ಕಟ್ಟಿ ಗೊರಗೊರ ಕೆಮ್ಮುತ್ತ ಮುಂದೆ ಮುಂದೆ, ಹಿಂದೆ ನೀಲಮ್ಮ ಓಡಲಾಗದಿದ್ದರೂ ಓಡುತ್ತ. ಇವನು ನನ್ನ ತಿರುಗಾಡಿಸುತ್ತಿದ್ದಾನೋ ನಾನು ಇವನನ್ನೋ ಎಂದು ಅವರೇ ನಗುತ್ತಿದ್ದರು. ನಮ್ಮ ಕಡೆ ನಾಯಿಗೆ ಹಗ್ಗ ಕಟ್ಟಿ ತಿರುಗುವುದೇ ಒಂದು ತಮಾಷೆ. ಹಗ್ಗವೇನಿದ್ದರೂ ಎತ್ತಿಗೆ, ಆಡಿಗೆ, ಬಾವಿಯ ಕೊಡಕ್ಕೆ. ನಾಯಿ ಅದರ ಪಾಡಿಗೆ ಅದು ಓಣಿಯದು.

ಹಾಗಾಗಿ ನಾಯಿ ಪಳಗಿಸುವ ವಿದ್ಯೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎತ್ತು ಪಳಗಿಸುವ ವಿದ್ಯೆ ಸಿದ್ದಪ್ಪನಿಗೆ ಗೊತ್ತಿತ್ತು. ಸಿದ್ದಪ್ಪ ಪಕ್ಕದ ಹಳ್ಳಿ ಸಗರದಿಂದ ಬೆಳಿಗ್ಗೆ ಹಾಲು ತರುತ್ತಿದ್ದವನು. ಊರಲ್ಲಿ ಯಾರ ಹೋರಿ ನೊಗಕ್ಕೆ ಒಗ್ಗದಿದ್ದರೂ ಇವನ ಹೊಲಕ್ಕೇ ಹೊಡೆದುಕೊಂಡು ಬರುತ್ತಿದ್ದರಂತೆ. ನೀಲಮ್ಮನವರ ಅಂಗೈಯ ಚರ್ಮ ಸರಪಳಿಗೆ ಕಿತ್ತುಹೋದದ್ದನ್ನು ನೋಡಿ ಅವನು ಹಾಲಿನ ಕ್ಯಾನು ಕೆಳಗಿಟ್ಟ.

“ನೀವು ಎಳದ್ರ ಅದೂ ಎಳೀತದ್ರಿ ನೀಲಮ್ಮಾರ. ಹಗ್ಗದಾಗ ಜೀವಾ ಇರಬಾರ್ದು. ಅದು ಬಿಗೀ ಮಾಡ್ತಂದ್ರ ಕಂಬದಂಗ ನಿಂತುಬಿಡ್ರಿ. ಸಡ್ಲ ಬಿಡ್ತಂದ್ರ ನಡೀರಿ. ಹಗ್ಗ ಜೋತು ಬಿದ್ದಿತ್ತಂದ್ರ ದನಾ ನಿಮ್ಮ ಕೂಡ ಅದ ಅಂತ ತಿಳ್ಕೋರಿ.”

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅವನು ತನ್ನ ವಿದ್ಯೆಯ ಇನ್ನರ್ಧವನ್ನೂ ಹೇಳಿದ. ಒಂಟಿ ಹೋರಿ ಎಂದೂ ಕಲಿಯುವುದಿಲ್ಲ, ಪಳಗಿದ ಹಳೆಯ ಎತ್ತಿನ ಪಕ್ಕಕ್ಕೆ ಕಟ್ಟಬೇಕು, ಹಳೆಯದು ನಿಂತರೆ ಹೊಸದೂ ನಿಲ್ಲುತ್ತದೆ, ಹಳೆಯದು ನಡೆದರೆ ಹೊಸದೂ ನಡೆಯುತ್ತದೆ.

“ಹಳೇ ಎತ್ತು ಎಲ್ಲಿಂದ ತರ್ಲೋ ಸಿದ್ದಪ್ಪಾ?” ಎಂದರು ನೀಲಮ್ಮ.

ಸಿದ್ದಪ್ಪ ಅಂಗಳದ ಈ ತುದಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ನನ್ನ ಕಡೆ ನೋಡಿದ. “ಅಕ್ಕೋರು ಅದಾರಲ್ರಿ.”

ಹೀಗೆ ನಾನು ಸಾವ್ಕಾರನ ಎಡಗಡೆಯ ಎತ್ತಾದೆ. ಮರುದಿನ ಸಿದ್ದಪ್ಪ ನೂಲಿನ ಮೆತ್ತನೆಯ ಹಗ್ಗ ಹೊಸೆದು ತಂದ, ತುದಿಗೊಂದು ಕುಣಿಕೆ ಇತ್ತು. ಕುಣಿಕೆಯನ್ನು ಬೆರಳಲ್ಲಿ ಹಿಡಿಯಿರಿ, ಮುಂಗೈಗೆ ಮಾತ್ರ ಹಾಕಬೇಡಿ ಎಂದು ಹೇಳಿಯೂ ಹೋದ. ಆದರೆ ಶುಗರ್‌ನಿಂದಾಗಿ ನೀಲಮ್ಮನವರ ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು. ಹಗ್ಗ ಜಾರೀತೆಂದು ಅವರು ಕುಣಿಕೆಯನ್ನು ಮುಂಗೈಗೇ ಹಾಕಿಕೊಳ್ಳುತ್ತಿದ್ದರು. ದಿನಾ ನೋಡುತ್ತಿದ್ದೆ. ಹೇಳಲಿಲ್ಲ. ನರ್ಸಮ್ಮನಿಗೆ ಕೈಯ ವಿಷಯ ಹೇಳಲು ನಾನ್ಯಾರು?

ಮೊದಲ ಸಂಜೆ ಮನೆಯಿಂದ ಬೇವಿನ ಮರದವರೆಗಿನ ಮೂವತ್ತು ಹೆಜ್ಜೆಗೆ ಅರ್ಧ ತಾಸು ಹಿಡಿಯಿತು. ಬಲಕ್ಕೆ ನೀಲಮ್ಮ, ಎಡಕ್ಕೆ ನಾನು, ನಡುವೆ ಸಾವ್ಕಾರ. ಹಗ್ಗ ಬಿಗಿಯಾಯಿತೆಂದರೆ ಇಬ್ಬರೂ ರಸ್ತೆಯ ಬದಿಯಲ್ಲಿ ಕಂಬದಂತೆ ನಿಲ್ಲುವುದು. ಅದು ಎಳೆದು, ಕೆಮ್ಮಿ, ತಿರುಗಿ ನಮ್ಮಿಬ್ಬರ ಮುಖವನ್ನೂ ನೋಡಿ, ಬೇಸತ್ತು ಒಂದು ಹೆಜ್ಜೆ ಹಿಂದೆ ಬಂದರೆ, ನನ್ನ ಕೈಲಿದ್ದ ಒಣಗಿದ ಕಟಕರೊಟ್ಟಿಯ ಚೂರು ಕೊಟ್ಟು ಮುಂದೆ ನಡೆಯುವುದು. ಚಹಾದಂಗಡಿಯವನು ಎರಡು ದಿನ ಸುಮ್ಮನೆ ನೋಡಿದ. ಮೂರನೆಯ ದಿನ ಕೇಳಿಯೇಬಿಟ್ಟ: “ಏನ್ರಿ ಮೇಡಂ, ನಿಮ್ಮ ಬಸ್ ಇನ್ನಾ ಬಂದಿಲ್ಲೇನ್ರಿ?”

ನಗಬೇಡಿ. ಅಥವಾ ನಗಿರಿ, ನಾನೂ ನಕ್ಕೆ. ನನ್ನ ಬದುಕಿನಲ್ಲಿ ಅಷ್ಟು ಹಿತವಾದ ಸಂಜೆಗಳು ಹೆಚ್ಚಿಲ್ಲ. ಒಂದು ತಿಂಗಳಿಗೆ ಹಗ್ಗ ಜೋತುಬಿತ್ತು. ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ನಾವು ಮೂವರೂ ದೊಡ್ಡ ರಸ್ತೆಯ ಅಂಚಿನಲ್ಲಿ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದೆವು. ನೀಲಮ್ಮ ತಮ್ಮ ಆಸ್ಪತ್ರೆಯ ದಿನಗಳ ಕಥೆ ಹೇಳುತ್ತಿದ್ದರು. ಸಾವ್ಕಾರ ಆಗಾಗ ನನ್ನ ಸೀರೆಯ ಅಂಚಿಗೆ ಮೈ ತಾಗಿಸಿ, ಎಡಗಡೆ ನಾನಿದ್ದೇನೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ನಾನಿದ್ದೇನೆಯೇ ಎಂದು ದಿನಾ ನೋಡಿಕೊಳ್ಳುವ ಜೀವ ಒಂದಿದೆ ಎಂಬುದು ಸಣ್ಣ ಮಾತಲ್ಲ.

ಆದರೆ ಊರು ಸಣ್ಣದು. ಕ್ಲಾಸಿನಲ್ಲಿ ನಾನು ಪಾಠ ನಿಲ್ಲಿಸಿದರೆ ಹಿಂದಿನ ಬೆಂಚಿನಿಂದ ಎತ್ತು ನಿಲ್ಲಿಸುವ ‘ಹೋ, ಹೋ’ ಸದ್ದು ಬರತೊಡಗಿತು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಪ್ರಿನ್ಸಿಪಾಲರು, ನಾಯಿಯ ಸಿಲೆಬಸ್ ಮುಗಿದಿದ್ದರೆ ಇನ್ನು ಮಕ್ಕಳದನ್ನೂ ಮುಗಿಸಿಬಿಡಿ ಮೇಡಂ ಎಂದರು. ಎಲ್ಲರೂ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು, ಮರುಗಳಿಗೆಗೆ ಮರೆತಿರಬೇಕು. ನಾನು ಮರೆಯಲಿಲ್ಲ. ಒಂಟಿ ಹೆಂಗಸರಿಗೆ ಇಂಥ ಮಾತುಗಳನ್ನು ಮನೆಗೆ ಹೊತ್ತುಕೊಂಡು ಹೋಗಿ ತಿರುಗಿಸಿ ತಿರುಗಿಸಿ ನೋಡಲು ಬೇಕಾದಷ್ಟು ಪುರುಸೊತ್ತಿರುತ್ತದೆ.

ಅವತ್ತು ಕಾಲೇಜಿನಲ್ಲಿ ತಡವಾಯಿತು. ನೀಲಮ್ಮ ಸಾವ್ಕಾರನನ್ನು ಕರೆದುಕೊಂಡು ಹೊರಟಿದ್ದರು. ನಾನು ಕಾಲೇಜಿನಿಂದ ಸೀದಾ ಬಂದು ದೊಡ್ಡ ರಸ್ತೆಯಲ್ಲಿ ಅವರನ್ನು ಕೂಡಿಕೊಳ್ಳಬೇಕು. ಅವರು ದೂರದಲ್ಲಿ ಎದುರಿನಿಂದ ಬರುತ್ತಿರುವುದು ಕಂಡಿತು. ಅವರ ಹಿಂದೆಯೇ ಪ್ರಿನ್ಸಿಪಾಲರ ಮೋಟರ್ ಸೈಕಲ್ಲೂ ಬರುತ್ತಿತ್ತು. ಈಗ ಹೋಗಿ ನಾಯಿಯ ಎಡಗಡೆ ನಿಂತರೆ ನಾಳೆ ಸ್ಟಾಫ್ ರೂಮಿನಲ್ಲಿ ಮತ್ತೆ ನಗೆ. ನಾನು ಸರಕ್ಕನೆ ರಸ್ತೆ ದಾಟಿ, ಆಚೆ ಬದಿಯ ಝೆರಾಕ್ಸ್ ಅಂಗಡಿಯ ಮುಂದೆ ಏನೋ ಕೆಲಸವಿರುವವಳಂತೆ ನಿಂತೆ. ಮೋಟರ್ ಸೈಕಲ್ಲು ಹೋಯಿತು. ಪ್ರಿನ್ಸಿಪಾಲರು ನನ್ನ ಕಡೆ ನೋಡಲೂ ಇಲ್ಲ.

ಆದರೆ ಸಾವ್ಕಾರ ನೋಡಿದ್ದ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾತ್ರೆ ತೊಳೆಯುವಾಗ, ಉತ್ತರಪತ್ರಿಕೆ ತಿದ್ದುವಾಗ ಅದು ತಾನಾಗಿ ಮೊದಲಿನಿಂದ ಶುರುವಾಗುತ್ತದೆ. ಬಿಳಿಯ ತಲೆ ಎತ್ತುತ್ತದೆ. ತನ್ನ ಎಡಗಡೆ ನೋಡುತ್ತದೆ, ಅಲ್ಲಿ ಯಾರೂ ಇಲ್ಲ. ರಸ್ತೆಯಾಚೆ ನೋಡುತ್ತದೆ, ಅಲ್ಲಿ ನಾನಿದ್ದೇನೆ. ಆಮೇಲೆ ಹಗ್ಗ ಗೆರೆ ಎಳೆದಂತೆ ನೆಟ್ಟಗಾಗುತ್ತದೆ. ನೀಲಮ್ಮ ನಿಲ್ಲಲು ನೋಡುತ್ತಾರೆ, ಆದರೆ ಕುಣಿಕೆ ಮುಂಗೈಯಲ್ಲಿದೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಡಾಂಬರಿನ ಅಂಚಿಗೆ ಚಪ್ಪಲಿ ಸಿಕ್ಕಿ, ಚಾಚಿದ ಕೈಯ ಮೇಲೆ ಮುಗ್ಗರಿಸಿ ನಡುರಸ್ತೆಗೆ ಬೀಳುತ್ತಾರೆ. ಸುರಪುರದ ಕಡೆಯಿಂದ ಬಸ್ಸು ಬರುತ್ತದೆ. ಬ್ರೇಕು. ಆ ವಾಸನೆ.

ಬಸ್ಸು ನಿಂತಿತು. ಮುಂದಿನ ಗಾಲಿಯ ಕೆಳಗೆ ನೀಲಮ್ಮನವರ ಒಂದು ಚಪ್ಪಲಿಯಿತ್ತು, ಗಾಲಿಗೂ ಅವರ ಮೊಣಕಾಲಿಗೂ ನಡುವೆ ಒಂದು ಮೊಳ. ಡ್ರೈವರ್ ಇಳಿದ, ಜನ ಓಡಿ ಬಂದರು. ನಾನು ಮಾತ್ರ ಝೆರಾಕ್ಸ್ ಅಂಗಡಿಯ ಮುಂದೆಯೇ ಇದ್ದೆ. ಆ ಗದ್ದಲದ ನಡುವೆ, ಹಗ್ಗದ ತುದಿಯಲ್ಲಿ, ಹಿಂದಿನ ಎರಡು ಕಾಲಿನ ಮೇಲೆ ನಿಂತು ಕೆಮ್ಮುತ್ತ ಸಾವ್ಕಾರ ಇನ್ನೂ ನನ್ನ ಕಡೆಗೇ ಎಳೆಯುತ್ತಿದ್ದ.

ಕೊನೆಗೆ ಹೇಗೋ ಹೋದೆ. ನೀಲಮ್ಮ ಎದ್ದು ಕುಳಿತು ತಮ್ಮ ಬಲಗೈಯನ್ನು ಬೇರೆ ಯಾರದೋ ಕೈಯಂತೆ ತಿರುಗಿಸಿ ನೋಡುತ್ತಿದ್ದರು.

“ಮುಂಗೈ ಹೋಗ್ಯದ. ಅಳೂದು ಆಮ್ಯಾಲ ತಂಗಿ. ನಿನ್ನ ಹಾಜರಿ ಪುಸ್ತಕ ತಗಿ.”

ಹಾಜರಿ ಪುಸ್ತಕವನ್ನು ಕೈಕೆಳಗಿಟ್ಟು, ನಾಯಿಯ ಹಗ್ಗ ಬಿಚ್ಚಿಸಿ, ಅದರಿಂದಲೇ ಸುತ್ತಿಸಿ ಕಟ್ಟಿಸಿಕೊಂಡರು. ಬಿಗಿ ಸಾಲದೆಂದು ಎರಡು ಸಲ ಬೈದರು. ಆ ಪುಸ್ತಕದ ರಟ್ಟಿನಲ್ಲಿ ಹಗ್ಗದ ಗುರುತು ನಾನು ಆ ಕಾಲೇಜು ಬಿಡುವವರೆಗೂ ಉಳಿದಿತ್ತು, ಮೊದಲ ಹುಡುಗಿಯ ಹೆಸರು ಕೂಗುವಾಗೆಲ್ಲ ನನ್ನ ಬೆರಳು ಅದರ ಮೇಲೆಯೇ ಇರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. ‘ನಾಯಿ ಎಳೀತು’ ಎಂದೆ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ನೀಲಮ್ಮನವರ ಅಣ್ಣನ ಮಗ ಬಂದು ಕೇಳಿದ. ಅವನಿಗೂ ಅದನ್ನೇ ಹೇಳಿದೆ. ಸುಳ್ಳಲ್ಲ ನೋಡಿ, ನಾಯಿ ಎಳೆದದ್ದು ನಿಜವೇ. ಯಾರ ಕಡೆಗೆ ಎಳೆಯಿತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಣ್ಣನ ಮಗ ಒಳ್ಳೆಯವನೇ, ಅತ್ತೆಯ ಮೇಲೆ ಪ್ರೀತಿಯೂ ಇತ್ತು. ಆದರೂ ಒಂದು ಷರತ್ತು ಹಾಕಿದ: ಕೈಯ ಪಟ್ಟಿ ಬಿಚ್ಚಲು ಆರು ವಾರ. ಅಷ್ಟರೊಳಗೆ ಅತ್ತೆ ಒಬ್ಬರೇ ಈ ನಾಯಿಯನ್ನು ಕರೆದುಕೊಂಡು ದೊಡ್ಡ ರಸ್ತೆಯಲ್ಲಿ ಸುರಕ್ಷಿತವಾಗಿ ನಡೆದು ತೋರಿಸಲಿ. ಇಲ್ಲವಾದರೆ ಮನೆಗೆ ಬೀಗ ಹಾಕಿ ಅತ್ತೆ ತನ್ನ ಮನೆಗೆ ಬರುವುದು, ನಾಯಿ ಕಾರ್ಖಾನೆಯ ಗೇಟಿಗೆ, ಸರಪಳಿಗೆ. ನೀಲಮ್ಮ ಅವನೊಂದಿಗೆ ವಾದ ಮಾಡಲಿಲ್ಲ. ಅವನು ಹೋದ ಮೇಲೆ ಸಾವ್ಕಾರನ ಕಿವಿಯ ಹಿಂದೆ ಎಡಗೈಯಿಂದ ತುರಿಸುತ್ತ, ‘ಇವಗ ಒಂಟಿ ನಡೆಯೂದು ಕಲಸಬೇಕಲ್ಲ ತಂಗಿ’ ಎಂದರು, ಅಷ್ಟೆ. ಅದೇ ವಾರ ನನಗೆ ಯಾದಗಿರಿಗೆ ವರ್ಗದ ಆದೇಶ ಬಂತು. ಹಿಂದಿನ ವರ್ಷ ಯಾವುದೋ ಬೇಸರದಲ್ಲಿ ಹಾಕಿದ್ದ ಅರ್ಜಿ ಅದು.

ಸಿದ್ದಪ್ಪ ಹಾಲು ಹಾಕಲು ಬಂದಾಗ ತಪ್ಪು ತನ್ನದೆಂಬಂತೆ ನಿಂತ. ಜೋಡಿ ಬಿಡಿಸುವುದು ಹೇಗೆಂದು ನಾನೇ ಕೇಳಿದೆ.

“ಕಟ್ಟೂದ್ಕಿಂತ ಬಿಡಸೂದು ಕಷ್ಟರಿ ಅಕ್ಕೋರ. ಹಳೇದನ್ನ ದಿನಾ ಒಂದೊಂದು ಮಾರು ದೂರ ಕಟ್ಟಬೇಕು. ಹೊಸಾದು ಒದರ್ತದ. ಒದರಿದ್ರೂ ಹಳೇದು ತಿರುಗಿ ನೋಡಬಾರ್ದು. ನೋಡ್ತಂದ್ರ ಮುಗೀತು, ಮತ್ತ ಮೊದ್ಲಿಂದ.”

ಆರು ವಾರ ನಾನು ಅದನ್ನೇ ಮಾಡಿದೆ. ನೀಲಮ್ಮ ಎಡಗೈಯಲ್ಲಿ ಹಗ್ಗ ಹಿಡಿದರು, ಈ ಸಲ ಕುಣಿಕೆಯನ್ನೇ ಕತ್ತರಿಸಿ ಹಾಕಿದ್ದರು. ಮೊದಲು ಅಂಗಳದಲ್ಲಿ, ಆಮೇಲೆ ಓಣಿಯಲ್ಲಿ. ನಾನು ದಿನಕ್ಕೊಂದು ಮಾರು ಎಡಕ್ಕೆ ಸರಿಯುತ್ತಿದ್ದೆ. ಸಾವ್ಕಾರ ನನ್ನ ಕಡೆ ಎಳೆದರೆ ನೀಲಮ್ಮ ಕಂಬ, ನಾನು ಕಲ್ಲು. ರೊಟ್ಟಿಯ ಚೂರು ಈಗ ಅವರ ಕೈಯಲ್ಲಿ. ಕೆಲವು ದಿನ ಅವನು ಒದರಿದ, ಒಂದು ದಿನ ನಡೆಯಲಾರೆನೆಂದು ಮಲಗಿಯೇಬಿಟ್ಟ. ನಾನು ಬೇವಿನ ಮರ ನೋಡಿದೆ, ಲೈಟಿನ ಕಂಬ ನೋಡಿದೆ, ಯಾರ ಮನೆಯದೋ ಒಣಹಾಕಿದ ಬಟ್ಟೆ ನೋಡಿದೆ. ಒಂದು ಜೀವಕ್ಕೆ ನಾನು ಬೇಡವಾಗುವಂತೆ ಮಾಡಲು ನಾನೇ ದಿನಾ ಸಂಜೆ ತಯಾರಾಗಿ ಹೋಗುತ್ತಿದ್ದೆ. ಮನೆಗೆ ಬಂದು ಅನ್ನಕ್ಕಿಟ್ಟರೆ ಮತ್ತೆ ಇಬ್ಬರಿಗಾಗುವಷ್ಟು.

ಆರನೆಯ ವಾರದ ಆದಿತ್ಯವಾರ ಅಣ್ಣನ ಮಗ ಬಂದ. ಅಷ್ಟು ಹೊತ್ತಿಗೆ ನನ್ನ ಪೆಟ್ಟಿಗೆಗಳು ಕಟ್ಟಿಯಾಗಿದ್ದವು. ಪರೀಕ್ಷೆ ಅದೇ ರಸ್ತೆಯಲ್ಲಿ ಆಗಬೇಕು, ನಾನು ಅದೇ ಝೆರಾಕ್ಸ್ ಅಂಗಡಿಯ ಮುಂದೆ ನಿಲ್ಲಬೇಕು ಎಂದು ನೀಲಮ್ಮನವರೇ ಹೇಳಿದರು. ಯಾಕೆಂದು ಅವರು ಹೇಳಲಿಲ್ಲ, ನನಗೆ ಕೇಳುವ ಧೈರ್ಯವಾಗಲಿಲ್ಲ. ನಿಂತೆ. ಬೆನ್ನು ರಸ್ತೆಗೆ, ಮುಖ ಅಂಗಡಿಗೆ. ಅವರ ಚಪ್ಪಲಿಯ ಸದ್ದು ಬಂತು, ಹತ್ತಿರವಾಯಿತು, ರಸ್ತೆಯಾಚೆ ನನ್ನ ಬೆನ್ನಿನ ನೇರಕ್ಕೆ ಬಂದು ನಿಂತಿತು. ನಾನು ‘ಇಲ್ಲಿ ಬೈಂಡಿಂಗ್ ಮಾಡಿಕೊಡಲಾಗುವುದು’ ಎಂಬ ಬೋರ್ಡನ್ನು ಅಕ್ಷರ ಅಕ್ಷರ ಓದಿದೆ. ಒಂದು ಬಸ್ಸು ಹೋಯಿತು. ನಾನು ತಿರುಗಲಿಲ್ಲ. ಆಮೇಲೆ ಚಪ್ಪಲಿಯ ಸದ್ದು ಮತ್ತೆ ಶುರುವಾಗಿ, ನಿಧಾನವಾಗಿ ದೂರ ದೂರ ಹೋಯಿತು.

ಹಗ್ಗ ಜೋತುಬಿದ್ದೇ ಇತ್ತು ಎಂದು ಅಣ್ಣನ ಮಗ ಆಮೇಲೆ ಹೇಳಿದ. ನಾಯಿ ನಿಮ್ಮನ್ನು ನೋಡುತ್ತ ನಿಂತಿತ್ತು, ಅತ್ತೆ ನಡೆದರು, ಅದೂ ನಡೆಯಿತು ಎಂದ. ನೀಲಮ್ಮ ತಮ್ಮ ಮನೆಯಲ್ಲೇ ಉಳಿದರು, ಸಾವ್ಕಾರ ತನ್ನ ಕಟ್ಟೆಯ ಮೇಲೆ. ನಾನು ಮರುದಿನ ಭೀಮಾ ನದಿಯ ಸೇತುವೆ ದಾಟಿ ಯಾದಗಿರಿಗೆ ಬಂದೆ.

ಬಂದು ಎರಡು ವರ್ಷವಾಯಿತು. ಒಂದು ತಾಸಿನ ದಾರಿ. ಒಮ್ಮೆಯೂ ಹೋಗಿಲ್ಲ. ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ, ಅವರ ಶುಗರ್ ಕೇಳುತ್ತೇನೆ, ಸಾವ್ಕಾರನನ್ನು ಕೇಳುತ್ತೇನೆ. ನನ್ನನ್ನು ಕಂಡು ಅದು ಮತ್ತೆ ಎಳೆದರೆ ಎಂಬ ಭಯವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಎಳೆಯದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಇವೆರಡರ ಅಡಿಯಲ್ಲಿ ಮೂರನೆಯದೊಂದಿತ್ತು, ಎದುರು ಕೂತರೆ ನಿಜ ಹೇಳಬೇಕಾದೀತೆಂಬ ಭಯ, ಅದು ನಿಮಗೆ ಗೊತ್ತೇ ಇದೆ. ಅಪಾಯವನ್ನು ನಾನು ಕಣ್ಣಾರೆ ನೋಡಿದೆ, ಅದು ದಾಟಿಹೋದದ್ದನ್ನು ನೋಡಲಿಲ್ಲ. ಬೆನ್ನು ತಿರುಗಿಸಿ ನಿಂತಿದ್ದೆನಲ್ಲ. ಅದಕ್ಕೇ ಇರಬೇಕು, ನನ್ನೊಳಗೆ ಬಸ್ಸು ಬರುತ್ತದೆ, ನೀಲಮ್ಮ ಬೀಳುತ್ತಾರೆ, ಅವರು ಎದ್ದು ನಡೆದುಹೋಗುವ ಭಾಗ ಮಾತ್ರ ಬರುವುದೇ ಇಲ್ಲ.

ಇವತ್ತು ಕಾಲೇಜಿನಿಂದ ಬಂದವಳೇ ನೀಲಮ್ಮನವರಿಗೆ ಫೋನು ಮಾಡಿದೆ. ಶುಗರ್ ಕೇಳಲಿಲ್ಲ.

“ಅಕ್ಕಾ, ಅವತ್ತು ತಪ್ಪು ಸಾವ್ಕಾರಂದಲ್ಲ. ಪ್ರಿನ್ಸಿಪಾಲ್ರು ನೋಡಬಾರ್ದಂತ ನಾ ಆಚಿ ಕಡಿ ದಾಟಿದ್ದೆ.”

ಆ ಕಡೆ ನೀಲಮ್ಮ ಚಹಾ ಸೊರ್ ಎಂದು ಕುಡಿದರು.

“ಗೊತ್ತದ. ಆ ಗಾಡಿ ನಂಗೂ ಕಾಣಸಿತ್ತು. ಇವತ್ತು ಹೇಳ್ತಾಳ, ನಾಳಿ ಹೇಳ್ತಾಳಂತ ಆರು ವಾರ ನೋಡಿದೆ. ನೀ ಪೆಟಗಿ ಕಟಗೊಂಡು ಹೋದಿ.”

ನಾಳೆ ಆದಿತ್ಯವಾರ, ಬರಲೇ ಎಂದು ಕೇಳಿದೆ.

“ಬಾ. ರಸ್ತಿ ಮ್ಯಾಲ ಭೆಟ್ಟಿ ಬ್ಯಾಡ, ಸೀದಾ ಮನೀಗಿ ಬಾ.”

“ಅವಗ ನನ್ನ ಗುರ್ತು ಇರ್ತದೇನಕ್ಕಾ?”

“ಅದನ್ನ ನನ್ನ ಕೇಳಿದ್ರ ಹ್ಯಾಂಗ ತಂಗಿ? ಅಂಗಳದಾಗ ಹಗ್ಗ ಬಿಚ್ಚಿ ಬಿಟ್ಟಿರ್ತೀನಿ. ಬಂದ್ರ ಬರ್ತಾನ. ಬರ್ಲಿಲ್ಲಂದ್ರ ನೀನ ಹೋಗಿ ಅವನ ಬಾಜೂಕ ಕುಂದ್ರು.”